ಮಾವನ ಹಿಮೋಗ್ಲೋಬಿನ್ ಸೊನ್ನೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಲ್ಯಾಬುಗಳಲ್ಲಿ ರಕ್ತ ಪರೀಕ್ಷಿಸುವ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವುದು ನನ್ನ ಕೆಲಸ. ಯಂತ್ರ ಕಂಡುಕೊಂಡದ್ದನ್ನು ಯಾರೂ ಕೈಯಲ್ಲಿ ಬರೆಯಬಾರದು. ಅದು ತಾನಾಗಿ ಕಂಪ್ಯೂಟರಿಗೆ ಹೋಗಿ ರಿಪೋರ್ಟಾಗಬೇಕು.

ಹೊಸನಗರದ ಸಣ್ಣ ಲ್ಯಾಬೊಂದರಲ್ಲಿ ಕೇಬಲ್ ಸಿಕ್ಕಿಸಿ ಮುಗಿಸಿದಾಗ ಇನ್ನೂ ರೋಗಿಗಳು ಬಂದಿರಲಿಲ್ಲ. ಪ್ರಯೋಗಕ್ಕೆಂದು ಕೊಳವೆಯೊಂದರಲ್ಲಿ ಶುದ್ಧ ನೀರಿಟ್ಟೆವು. ಹೆಸರು, ಮೊಬೈಲ್ ನಂಬರು ಕೊಡದೆ ಕಂಪ್ಯೂಟರು ಮುಂದಕ್ಕೆ ಬಿಡಲಿಲ್ಲ. ಅಲ್ಲಿನ ಟೆಕ್ನಿಷಿಯನ್ ಹೆಂಗಸು ಮಾಸ್ತಿಕಟ್ಟೆಯ ತನ್ನ ಮಾವನದನ್ನು ಹಾಕಿದಳು. ಪರದೆಯ ಮೇಲೆ ಹಿಮೋಗ್ಲೋಬಿನ್ ಸೊನ್ನೆ ಎಂದು ಬಂತು. ಸಂಪರ್ಕ ಸರಿಯಾಗಿದೆಯೆಂದು ಖುಷಿಪಟ್ಟು ಟೀ ಕುಡಿಯಲು ಹೋದೆವು.

ರೋಗಿಗಳ ಮೊಬೈಲಿಗೆ ರಿಪೋರ್ಟು ತಾನಾಗಿ ಮೆಸೇಜು ಹೋಗುವ ಏರ್ಪಾಟನ್ನು ಮಾಲೀಕರು ಅವತ್ತು ಬೆಳಿಗ್ಗೆಯೇ ಚಾಲೂ ಮಾಡಿಸಿದ್ದು ನಮಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಲ್ಯಾಬಿನ ಮುಂದೆ ಜೀಪು ನಿಂತಿತು. ಅಕ್ಕಪಕ್ಕದ ಮನೆಯವರು ಪ್ಲಾಸ್ಟಿಕ್ ಕುರ್ಚಿಯ ಸಮೇತ ಮಾವನನ್ನು ಹೊತ್ತು ತಂದರು. ಹಿಂದೆ ಅತ್ತೆ.

"ನಡೀತೀನಿ ಅಂದ್ರೂ ಬಿಡ್ತಿಲ್ಲ ಮಾರಾಯ್ತಿ," ಎಂದರು ಮಾವ, ಸೊಸೆಗೆ.

"ಸುಮ್ನಿರಿ. ಮೈಯಲ್ಲಿ ರಕ್ತಾನೇ ಇಲ್ವಂತೆ," ಅತ್ತೆ ಗದರಿದರು.

"ಅತ್ತೆ, ಅದು ಬರೀ ನೀರು."

"ಅಯ್ಯೋ, ನೀರಾಗಿ ಹೋಯ್ತಾ!" ಅತ್ತೆ ಬೆಂಚಿನ ಮೇಲೆ ಕುಸಿದರು.

"ನಾನು ರಕ್ತ ಕೊಟ್ಟೇ ಇಲ್ವಲ್ಲ," ಎಂದರು ಮಾವ.

"ಇದ್ರೆ ತಾನೆ ಕೊಡೋದು," ಎಂದ ಜೀಪಿನ ಡ್ರೈವರ್.

ಬೇರೆ ದಾರಿಯಿಲ್ಲದೆ ಸೊಸೆ ನಿಜವಾಗಿಯೂ ರಕ್ತ ತೆಗೆದಳು. ಯಂತ್ರ ಹದಿನಾಲ್ಕು ತೋರಿಸಿತು, ಆರೋಗ್ಯವಂತರಿಗೆ ಇರಬೇಕಾದಷ್ಟೇ. ಕಂಪ್ಯೂಟರು ಮಾತ್ರ ಒಪ್ಪಲಿಲ್ಲ: ಸೊನ್ನೆಯಿದ್ದವರಿಗೆ ಅದೇ ದಿನ ಹದಿನಾಲ್ಕಾಗುವುದು ಸಾಧ್ಯವಿಲ್ಲ, ರಕ್ತ ಬೇರೆಯವರದ್ದಿರಬಹುದು ಎಂದು ರಿಪೋರ್ಟನ್ನು ತಡೆಹಿಡಿಯಿತು. ನಾನು ಅದನ್ನು ಓದಿ ಹೇಳಬಾರದಿತ್ತು. ಅತ್ತೆ ಗಂಡನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಮೆಸೇಜು ಬರ್ಲಿ. ಆಮೇಲೆ ನಂಬ್ತೀನಿ."

ನೀರಿನ ದಾಖಲೆಯನ್ನು ಅಳಿಸಿ, ಮಾವನನ್ನು ಹೊಸ ರೋಗಿಯಾಗಿ ಸೇರಿಸಿ, ಅತ್ತೆಯ ನಂಬರು ಕೊಟ್ಟು ಮತ್ತೆ ಪರೀಕ್ಷೆ ಮಾಡಿಸಿದೆ. ಅತ್ತೆಯ ಫೋನು ಕುಂಯ್ ಅಂದಿತು. ಓದಿದವರೇ ಮುಖ ಅರಳಿಸಿ, "ಏಳಿ ಮತ್ತೆ, ಕೂತಿದ್ದು ಸಾಕು," ಎಂದರು.

ಮಾವ ಎದ್ದವರು ಬೆಂಚಿನ ಮೇಲೆ ಕುಳಿತರು. "ಸೂಜಿ ಚುಚ್ಚಿದ್ಮೇಲೆ ತಲೆ ತಿರುಗ್ತಿದೆ ಕಣೇ."

ಯಾರೂ ಕಿವಿಗೊಡಲಿಲ್ಲ. ಕುರ್ಚಿ ಎತ್ತಿಕೊಂಡು ಎಲ್ಲರೂ ಜೀಪಿನತ್ತ ಹೊರಟರು. ನಾನೇ ಮಾವನ ಕೈಹಿಡಿದು ಎದುರಿನ ಹೋಟೆಲಿಗೆ ಕರೆದೊಯ್ದೆ. ಬನ್ಸ್ ತಿಂದರು, ಕಾಫಿ ಕುಡಿದರು, ಮೇಲೊಂದು ಮಸಾಲೆ ದೋಸೆ ಹೇಳಿದರು. ಹೊರಗೆ ಜೀಪು ಹಾರನ್ ಹೊಡೆಯುತ್ತಲೇ ಇತ್ತು.