ಅಂಗಳದಲ್ಲಿ ಎದೆ ಬಡಿದುಕೊಂಡವನು

ನಾನು ಮೊದಲಿನಿಂದಲೂ ಸಂಶಯದ ಪ್ರಾಣಿ. ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ನಮ್ಮ ಕಚೇರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವ್ವನ ಹೃದಯ ದುರ್ಬಲವಾಗಿದೆ, ಸಂತೋಷವಾಗಲಿ ದುಃಖವಾಗಲಿ ಒಮ್ಮೆಲೇ ಹೇಳಬೇಡಿ, ಗಾಬರಿಯಾದರೆ ಕಷ್ಟ ಎಂದು ಕೊಪ್ಪಳದ ಡಾಕ್ಟರು ಹೇಳಿದ ದಿನದಿಂದ ಅಡಿಗೆಮನೆಯಲ್ಲಿ ತಟ್ಟೆ ಬಿದ್ದರೂ ನಾನೇ ಬೆಚ್ಚಿಬೀಳುತ್ತಿದ್ದೆ. ಅದೇ ಡಾಕ್ಟರು ನನ್ನ ಹೊಟ್ಟೆಯ ಕಡೆಗೂ ಒಮ್ಮೆ ನೋಡಿ, ತಾಯಿಯ ಕಾಯಿಲೆ ಮಕ್ಕಳಿಗೂ ಬರಬಹುದು, ಬೆಳಿಗ್ಗೆ ಓಡಲು ಶುರು ಮಾಡಿ ಎಂದರು. ಒಂದು ಚಿಂತೆ ಇದ್ದಲ್ಲಿ ಎರಡಾದವು.

ಮೊದಲ ದಿನ ಹಾಸಿಗೆಯಿಂದ ಎದ್ದವನೇ ಓಡಿದೆ. ಮೀನಖಂಡ ಹಿಡಿದುಕೊಂಡು ಕುಂಟುತ್ತ ಮನೆ ಸೇರಿದೆ. ಒಂದು ಕಾಲದಲ್ಲಿ ಕಬಡ್ಡಿ ಆಡುತ್ತಿದ್ದ ಕಚೇರಿಯ ಗೆಳೆಯ ಇದನ್ನು ಕೇಳಿ ನಕ್ಕ. ತಣ್ಣಗಿರುವ ಮೈಯನ್ನು ಹಾಗೆ ಓಡಿಸಬಾರದು, ಮೊದಲು ಬಿಸಿ ಮಾಡಿಕೊಳ್ಳಬೇಕು ಎಂದು ಎಲ್ಲ ತೋರಿಸಿಕೊಟ್ಟ. ಕತ್ತು, ಸೊಂಟ ತಿರುಗಿಸುವುದು. ನಿಂತಲ್ಲೇ ಮಂಡಿ ಎತ್ತಿ ಕುಣಿಯುವುದು. ಆಮೇಲೆ ಎರಡೂ ಕೈ ಅಗಲಿಸಿ, ಎದೆಯ ಮೇಲೆ ಅಡ್ಡಡ್ಡ ಬೀಸಿ, ಪಟಪಟನೆ ಭುಜ ತಟ್ಟಿಕೊಳ್ಳುವುದು. ಆ ಸದ್ದಿಗೆ ಅವ್ವ ಎಚ್ಚರಾದಾಳೆಂದು ನಾನು ಅಂಗಳಕ್ಕೆ ಹೋಗಿ ಮಾಡುತ್ತಿದ್ದೆ.

ಹೊರಡುವ ಮುಂಚೆ ಅವ್ವನ ಕೋಣೆಯ ಬಾಗಿಲಲ್ಲಿ ನಿಂತು ಹೊದಿಕೆ ಏರಿಳಿಯುವುದನ್ನು ನೋಡಬೇಕು. ಕಾಣದಿದ್ದರೆ ಹತ್ತಿರ ಹೋಗಿ ಬಗ್ಗಬೇಕು. ಯಾವತ್ತೋ ಒಂದು ದಿನ ನೀವೇ ಅವರನ್ನು ಹೆದರಿಸಿಬಿಡುತ್ತೀರಿ ಎಂದು ಹೆಂಡತಿ ಬೈಯುತ್ತಿದ್ದಳು. ಕುಷ್ಟಗಿ ರಸ್ತೆಯುದ್ದಕ್ಕೂ ಮೊಬೈಲ್ ಮುಷ್ಟಿಯಲ್ಲಿ ಹಿಡಿದೇ ಓಡುತ್ತಿದ್ದೆ. ಅದು ಗುಂಯ್ ಎಂದರೆ ಸಾಕು, ಕಾಲುಗಳು ಅಲ್ಲೇ ನಿಲ್ಲುತ್ತಿದ್ದವು. ನೋಡಿದರೆ ಯಾರೋ ಕಳಿಸಿದ ಶುಭೋದಯದ ಹೂವಿನ ಚಿತ್ರ. ಕಳಿಸಿದವರ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಆ ಸಿಟ್ಟಿಗೇ ಇನ್ನಷ್ಟು ದೂರ ಓಡುತ್ತಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ, ಇನ್ನೂ ಮಸುಕಿರುವಾಗ, ಕಿನ್ನಾಳದಿಂದ ಹಾಲು ತರುವವನು ನಮ್ಮ ಓಣಿಯ ತುದಿಯಲ್ಲಿ ಬೈಕು ನಿಲ್ಲಿಸಿದ್ದನಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಅಂಗಳದಲ್ಲಿ ಗಂಡಸೊಬ್ಬ ಎದೆ ಬಡಿದುಕೊಳ್ಳುವುದನ್ನು, ಬಗ್ಗಿ ನೆಲ ಮುಟ್ಟುವುದನ್ನು, ಆಮೇಲೆ ಗೇಟು ತೆರೆದಿಟ್ಟೇ ಓಡಿಹೋಗುವುದನ್ನು ಆತ ಕಂಡ. ಆ ಮನೆಯಲ್ಲಿ ಜಡ್ಡಾದ ಮುದುಕಿ ಇರುವುದು ಆತನಿಗೆ ಗೊತ್ತಿತ್ತು. ಇನ್ನೇನು ಬೇಕು? ನಾವು ಕೊಳ್ಳುವುದು ಪಾಕೀಟು ಹಾಲು, ಹಾಗಾಗಿ ನಮ್ಮ ಬಾಗಿಲಿಗೆ ಬರುವ ಕೆಲಸವೂ ಆತನಿಗಿರಲಿಲ್ಲ. ಊರಿಗೆ ಮರಳಿದವನು ನೇರವಾಗಿ ಕಿನ್ನಾಳದಲ್ಲೇ ಇರುವ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿ ಸುದ್ದಿ ಮುಟ್ಟಿಸಿಬಿಟ್ಟ.

ಚಿಕ್ಕಮ್ಮ ಅವ್ವನ ಒಡಹುಟ್ಟಿದ ತಂಗಿ. ನನ್ನ ಮಗಳ ಮದುವೆಯಲ್ಲಿ ತನಗೆ ಉಡಿಸಿದ ಸೀರೆ ಹಗುರಾಯಿತೆಂದು ಮುನಿಸಿಕೊಂಡು ಹೋದವಳು, ಅಕ್ಕ ಆಸ್ಪತ್ರೆಯಲ್ಲಿದ್ದಾಗಲೂ ಬಂದಿರಲಿಲ್ಲ. ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ನಮ್ಮವರು ಈ ಮಾತನ್ನು ಫೋನಿನಲ್ಲಿ ಕೇಳುವುದಿಲ್ಲ. ಅಕ್ಕ ಹೋದಳೇನು ಎಂದು ಬಾಯಿಬಿಟ್ಟು ಕೇಳಿ, ಆಕೆ ಬದುಕಿದ್ದರೆ? ಅಂದ ಮಾತು ತಟ್ಟುತ್ತದೆ. ಎದ್ದು ಹೊರಡಬೇಕು, ಅಷ್ಟೇ.

ಅಷ್ಟು ಹೊತ್ತಿಗೆ ನಾನು ಓಡಿ ಬಂದು, ಸ್ನಾನ ಮಾಡಿ, ಅವ್ವನ ಮಂಚದ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದೆ. ಓಣಿಯಲ್ಲಿ ಆಟೋ ನಿಂತಿತು. ಹಿಂದೆಯೇ ಅಳುವ ದನಿ. ಬರೀ ಅಳುವಲ್ಲ, ಸತ್ತವರ ಗುಣವನ್ನು ಹಾಡಿಕೊಂಡು ಅಳುವ ಅಳು. ಪಾಪ, ಯಾರ ಮನೆಗೋ ಎಂದುಕೊಂಡೆ. ದನಿ ನಮ್ಮ ಗೇಟಿಗೇ ಬಂತು.

"ಅಕ್ಕಾ, ಹಡದವ್ವನಂಗ ಎತ್ತಿ ಆಡಿಸಿದಾಕಿ... ಒಂದ ಸೀರಿ ಸಲುವಾಗಿ ನಿನ್ನ ಮಾರಿ ನೋಡಲಿಲ್ಲಲ್ಲ ನಾ... ನೀ ಉಣಿಸಿದ ತುತ್ತ ಮರತೆನಲ್ಲವ್ವಾ..."

ಚಹಾದ ಕಪ್ಪನ್ನು ನೆಲಕ್ಕಿಟ್ಟೆ. ಇಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದು ಬಾಗಿಲಿಗೇ ಬಂದು ನಿಂತಿತ್ತು. ಅವ್ವನ ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ. ಬಡಿಯುತ್ತಿದ್ದುದು ಆಕೆಯದೋ ನನ್ನದೋ ತಿಳಿಯಲಿಲ್ಲ. ಹೋಗಿ ಬಾಯಿ ಮುಚ್ಚಿಸು ಎಂದು ಹೆಂಡತಿಗೆ ಸನ್ನೆ ಮಾಡಿದೆ. ಅವ್ವ ಕೈ ಕೊಸರಿಕೊಂಡಳು.

"ಆಕಿನ್ನ ತಡೀಬ್ಯಾಡ್ರಿ," ಎಂದಳು. "ಖರೇನ ಸತ್ತಮ್ಯಾಗ ನನಗ ಇದು ಕೇಳಸ್ತೈತೇನು?"

ದಿಂಬಿಗೆ ಒರಗಿ, ಕಣ್ಣು ಮುಚ್ಚಿ ಕೇಳತೊಡಗಿದಳು. ಪಡಸಾಲೆಗೆ ಬಂದ ಚಿಕ್ಕಮ್ಮ, ಚಿಕ್ಕಂದಿನಲ್ಲಿ ಅಕ್ಕತಂಗಿ ಇಬ್ಬರೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದುದನ್ನು ಹೇಳಿ ಅತ್ತಳು. ತನ್ನ ಮೊದಲ ಹೆರಿಗೆಯಲ್ಲಿ ಅಕ್ಕ ನಿದ್ದೆಗೆಟ್ಟು ಕಾದದ್ದನ್ನು ಹೇಳಿ ಅತ್ತಳು. ಅವ್ವನ ಕೆನ್ನೆಯ ಮೇಲೆ ನೀರು ಇಳಿಯಿತು. ನಾನು ಆಕೆಯ ಎದೆಯನ್ನೇ ನೋಡುತ್ತ, ಪ್ರತಿ ಉಸಿರಿಗೂ ಹೆದರುತ್ತ ಕುಳಿತಿದ್ದೆ.

ಚಿಕ್ಕಮ್ಮ ಕೋಣೆಯ ಬಾಗಿಲಿಗೆ ಬಂದಳು. ಅಕ್ಕ ಕುಳಿತಿರುವುದನ್ನು ಕಂಡೊಡನೆ ಆಕೆಯ ಹಾಡು ಅರ್ಧಕ್ಕೇ ನಿಂತಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಏನಾಗಿದೆಯೆಂದು ಕೇಳಲು ನಾನು ಬಾಯಿ ತೆರೆದೆ, ನನ್ನ ಕಡೆ ಯಾರೂ ನೋಡಲಿಲ್ಲ. ಅವ್ವ ಮಂಚದ ಮೇಲೆ ಗೋಡೆಯ ಕಡೆಗೆ ಮೆಲ್ಲಗೆ ಸರಿದಳು.

"ಯಾಕ ನಿಲ್ಲಿಸಿದಿ?" ಎಂದಳು. "ಬಾ, ಇಲ್ಲಿ ಕುಂತು ಹೇಳು."