ನಮ್ಮತ್ತೆ ಓದುತ್ತಿದ್ದ ಸುದ್ದಿ

ಟಿವಿಯ ಶಬ್ದದ ಗುಂಡಿಗೆ ಕೈಹಾಕುವ ಮುಂಚೆ ನಮ್ಮತ್ತೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಉಗುರಿನ ಸಂದಿಯಲ್ಲಿ ರಾಗಿಹಿಟ್ಟು ಒಣಗಿರುತ್ತಿತ್ತು. ಒರೆಸಿ, ಗಂಟಲು ಸರಿಮಾಡಿಕೊಂಡು, ಶಬ್ದವನ್ನು ಪೂರ್ತಿ ತಗ್ಗಿಸಿಬಿಡುವಳು. ಪರದೆಯ ಮೇಲೆ ತಮಿಳು ಸುದ್ದಿ ಓದುವಾಕೆಯ ತುಟಿ ಮಾತ್ರ ಆಡುತ್ತಿತ್ತು. ಮಾತು ಅತ್ತೆಯದು.

ಅವಳು ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ತಮಿಳುನಾಡಿನ ಸೇಲಂ ಕಡೆಯ ಮೇಚೇರಿ ಹತ್ತಿರದ ನಮ್ಮೂರಿಗೆ ಬಂದು ನಮ್ಮೊಂದಿಗೇ ಇದ್ದಳು. ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಬೀದಿಗೆ ಇದ್ದದ್ದು ನಮ್ಮ ಮನೆಯ ಟಿವಿಯೊಂದೇ. ಭಾನುವಾರ ಸಿನಿಮಾಕ್ಕೆ ಬಂದವರು ಸುದ್ದಿ ಶುರುವಾದರೆ ಏಳಬೇಕು ತಾನೆ? ನಮ್ಮಲ್ಲಿ ಸುದ್ದಿಗೇ ಜನ ಹೆಚ್ಚು.

"ವಣಕ್ಕಂ! ಸೆಯ್ದಿಗಳು, ಅಂದ್ರೆ ಸುದ್ದಿ. ನಮ್ಮಣ್ಣ ಇವತ್ತು ಮೋಟ್ರು ಹಾಕಾಕೆ ಓಗಿ, ಕರೆಂಟ್ ಇಲ್ಲಾಂತ ಮೋಟ್ರಿಗೇ ಬೈದು ಬಂದವ್ನೆ. ಮೋಟ್ರಿಗೆ ಬೇಜಾರಾಗೈತೆ."

ಓದುವಾಕೆ ಹಾಳೆ ತಿರುಗಿಸಿದರೆ ಅತ್ತೆಯೂ ಅಲ್ಲಿಗೇ ನಿಲ್ಲಿಸುವಳು. ಯಾವುದೋ ದೇಶದ ದೊರೆ ದಿಲ್ಲಿಯಲ್ಲಿ ವಿಮಾನ ಇಳಿದರೆ, "ನಮ್ ಬೀದಿ ಪೈಪ್‌ನಾಗೆ ನೀರು ಯಾವಾಗ ಬತ್ತದೇಂತ ಕೇಳಾಕೆ ಬಂದವ್ರೆ" ಎನ್ನುವಳು. ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅವಳದೊಂದು ಕಟ್ಟುಪಾಡು ಇತ್ತು: "ಮೊದ್ಲು ನಮ್ಮನೆ ಸುದ್ದಿ, ಆಮ್ಯಾಕೆ ಊರ ಸುದ್ದಿ."

ಅಕ್ಕನನ್ನು ನೋಡಲು ಒಂದು ಮನೆಯವರು ಬಂದರು. ಹುಡುಗ ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವವನು, ಅಕ್ಕನಿಗೆ ಹಿಡಿಸಿದ್ದ. ಅವನ ಅಪ್ಪ ಮೇಚೇರಿ ಸಂತೆಯಲ್ಲಿ ದೊಡ್ಡ ಕುರಿ ವ್ಯಾಪಾರಿ. ನಾವು ಕೊಟ್ಟ ಬೋಂಡಾ ತಿನ್ನುತ್ತಾ ಆ ಮನುಷ್ಯ ಅಕ್ಕನನ್ನು ಒಂದು ಸಲ ನಡೆಸಿ ನೋಡಿದರು. ಹಲ್ಲುನೋವು ಗಿಲ್ಲುನೋವು ಏನಾದರೂ ಉಂಟಾ ಎಂದೂ ಕೇಳಿದರು. ಮುಂದಿನ ಭಾನುವಾರ ತಾಂಬೂಲ ಎಂದು ಮಾತಾಯಿತು.

ನಮ್ಮ ಕಡೆ ಬೀಗರನ್ನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಅದು ಹಕ್ಕು. ಆದರೆ ತಾಂಬೂಲದ ತಟ್ಟೆ ಬದಲಾದ ಮೇಲೆ. ಅದಕ್ಕೆ ಮುಂಚೆ ಆಡಿದರೆ ಅದೇ ಮಾತು ಅವಮಾನ. ಅತ್ತೆಗೆ ತಡೆಯಲಾಗಲಿಲ್ಲ. ಅವರು ಹೋದ ಸಂಜೆಯೇ, ಬೀದಿಯೆಲ್ಲ ಕೂತಿದ್ದಾಗ, ಆ ದೊಡ್ಡ ಮನುಷ್ಯರನ್ನು ಸುದ್ದಿಯಲ್ಲಿ ಓದಿಬಿಟ್ಟಳು. ಸಂತೆಯ ದಿನ ಯಾರೋ ಅದನ್ನು ಅವರ ಕಿವಿಗೆ ಹಾಕಿದರು.

ತಾಂಬೂಲದ ದಿನ ಅವರ ಕಡೆಯವರು ಬಂದು ಕೂತರು. ಕಾಫಿ ಇಟ್ಟೆವು. ಒಬ್ಬರೂ ಲೋಟ ಮುಟ್ಟಲಿಲ್ಲ.

"ಸುದ್ದಿ ಓದೋರು ಯಾರು?" ಎಂದರು ಹುಡುಗನ ಅಪ್ಪ.

ಅಪ್ಪ ಲೋಟವನ್ನು ಅವರ ಮುಂದಕ್ಕೆ ಸರಿಸಿದರು. "ಏನೋ ಮಕ್ಕಳಾಟ ಯಜಮಾನ್ರೇ. ಮನಸ್ನಾಗೆ ಇಟ್ಕಾಬ್ಯಾಡಿ."

"ಸಂತೇಲಿ ಯಾರ್ಯಾರೋ ಕೇಳ್ಕಂಡು ನಗ್ತವ್ರೆ. ನನ್ ಸುದ್ದಿ ನಾನೂ ಕೇಳ್ಬೇಕಲ್ಲ. ಓದ್ಲಿ."

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದಳು. "ತಟ್ಟೆ ಬದ್ಲಾಗ್ಲಿ, ಓದ್ತೀನಿ."

"ಮೊದ್ಲು ಸುದ್ದಿ. ಆಮ್ಯಾಕೆ ತಟ್ಟೆ ನೋಡಾನ."

ಕದದ ಹಿಂದೆ ನಿಂತಿದ್ದ ಅಕ್ಕ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಒಂದೆರಡು ಮಾತು ಬಿಟ್ಟು, ಒಂದೆರಡು ಮೆತ್ತಗೆ ಮಾಡಿ ಓದಿಬಿಡಲಿ ದೇವರೇ ಎಂದು ನಾನು ಬೇಡಿಕೊಂಡೆ. ಅಪ್ಪನ ಕಣ್ಣೂ ಅದನ್ನೇ ಬೇಡುತ್ತಿತ್ತು.

ಟಿವಿಯಲ್ಲಿ ಆಗ ಬೇಸಾಯದ ಕಾರ್ಯಕ್ರಮ. ಟೊಮೆಟೊ ಗಿಡದ ಪಕ್ಕ ನಿಂತು ಒಬ್ಬ ಅಧಿಕಾರಿ ಮಾತಾಡುತ್ತಿದ್ದ. ಅತ್ತೆ ಶಬ್ದ ತಗ್ಗಿಸಿದಳು. ಹೆಬ್ಬೆರಳು ಒರೆಸಿಕೊಳ್ಳುವುದನ್ನು ಮರೆತಿದ್ದಳು.

"ವಣಕ್ಕಂ. ಮೊದ್ಲು ನಮ್ಮನೆ ಸುದ್ದಿ. ಈ ಮನೇಲಿ ಬಾಯ್ ಮುಚ್ಚಾಕೆ ಬರ್ದಿರೋ ಒಬ್ಳು ಅವ್ಳೆ. ಅಣ್ಣನ ಮಗಳ ಮದ್ವೆ ಕೆಡಿಸಾಕೆ ಇವ್ಳೊಬ್ಳೇ ಸಾಕು ಅಂತ ಬೀದಿ ಜನ ಹೇಳವ್ರೆ." ಉಸಿರು ಎಳೆದುಕೊಂಡಳು. "ಮೇಚೇರಿ ಸಂತೆ. ಕುರಿ ಯಾಪಾರದ ದೊಡ್ಡೋರು ಒಬ್ರು ಸೊಸೆ ನೋಡಾಕೆ ಓಗಿ ನಡ್ಸಿ ನೋಡವ್ರೆ, ಹಲ್ಲು ವಿಚಾರಿಸವ್ರೆ. ಟವಲ್ ಒಳಗೆ ಕೈ ಹಾಕಿ ಯಾಪಾರ ಮುಗ್ಸೋದೊಂದೇ ಬಾಕಿ. ಇದ್ನ ಸಂತೆ ಕುರಿಗೋಳು ಖಂಡಿಸವೆ. 'ನಮ್ನೂ ಇಂಗೇ ನೋಡ್ತಾರೆ. ನಮ್ಗೆ ಯಾಕೆ ಬೋಂಡಾ ಕೊಡ್ಲಿಲ್ಲ?' ಅಂತ ಕೇಳವೆ."

ಸಂತೆಯ ಸುದ್ದಿ ಹೋದ ವಾರ ಓದಿದ್ದೇ. ಒಂದಕ್ಷರ ಬಿಟ್ಟಿರಲಿಲ್ಲ. ಪರದೆಯ ಮೇಲೆ ಅಧಿಕಾರಿ ಟೊಮೆಟೊ ಒಂದನ್ನು ಹಿಸುಕಿ ನೋಡುತ್ತಿದ್ದ. ಯಾರೂ ನಗಲಿಲ್ಲ.

ಆ ಮನುಷ್ಯ ಎದ್ದರು. ಹೊರಟೇಬಿಟ್ಟರು ಎಂದುಕೊಂಡೆವು. ಅಕ್ಕ ಕಣ್ಣು ಮುಚ್ಚಿದಳು. ಅವರು ಹೆಗಲ ಟವಲ್ ತೆಗೆದು ಬಲಗೈಗೆ ಹೊದಿಸಿ ಅಪ್ಪನ ಮುಂದೆ ಚಾಚಿದರು. ಸಂತೆಯಲ್ಲಿ ಹಾಗೆಯೇ ಮಾಡುತ್ತಾರೆ, ಬೆಲೆ ಪಕ್ಕದವರಿಗೆ ಗೊತ್ತಾಗದಂತೆ ಟವಲಿನೊಳಗೆ ಬೆರಳು ಒತ್ತಿ ವ್ಯಾಪಾರ. ಅಪ್ಪ ದಿಕ್ಕು ತೋಚದೆ ಕೈ ಒಳಗೆ ಹಾಕಿದರು. ಅವರು ಯಾವ ಬೆರಳನ್ನೂ ಒತ್ತಲಿಲ್ಲ, ನನ್ನ ಕೈಯನ್ನು ಸುಮ್ಮನೆ ಹಿಡಿದುಕೊಂಡರು ಎಂದು ಅಪ್ಪ ಆಮೇಲೆ ಹೇಳಿದರು.

"ಯಾಪಾರ ಮುಗೀತು," ಎಂದರು ಅವರು, ಮುಖ ಬಿಗಿದುಕೊಂಡೇ. "ಕುರಿಗೋಳ್ಗೆ ಬೋಂಡಾ ನಾನ್ ಕೊಡಿಸ್ತೀನಿ. ತಟ್ಟೆ ತಗಂಬಾ ತಾಯಿ."

ಮೊದಲು ನಕ್ಕವರು ಅವರ ಕಡೆಯವರೇ. ನಮಗೆ ನಗು ಬರಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಅವರನ್ನು ಬಸ್ಸು ಹತ್ತಿಸಿ ಬಂದ ಅಪ್ಪ ಅತ್ತೆಯ ಮೇಲೆ ಹರಿಹಾಯ್ದರು. "ಒಂಚೂರು ಬದ್ಲಾಯಿಸಿ ಓದಿದ್ರೆ ನಿನ್ ಗಂಟೇನ್ ಓಗ್ತಿತ್ತು? ನನ್ ಎದೆ ಒಡ್ದೋಗ್ತಿತ್ತಲ್ಲೇ!"

ಅತ್ತೆ ಲೋಟಗಳನ್ನು ಜೋಡಿಸುತ್ತಿದ್ದಳು.

"ಅಣ್ಣಾ, ಅವ್ಳು ಬಾಳ್ಬೇಕಾಗಿರೋದು ಆ ಮನ್ಯಾಗೆ. ನಗಾಕೆ ಬರ್ದಿರೋ ಮನೆ ಆದ್ರೆ ಇವತ್ತೇ ಗೊತ್ತಾಗ್ಲಿ ಅಂತ ಓದ್ದೆ."

ಅಪ್ಪ ಕೂತು ಒಂದೊಂದಾಗಿ ಲೋಟ ಎತ್ತಿಕೊಟ್ಟರು.

ಅತ್ತೆ ಹೋಗಿ ಬಹಳ ವರ್ಷಗಳಾದವು. ಜ್ವರವೆಂದು ಮಲಗಿದವಳು ಏಳಲಿಲ್ಲ. ಅಕ್ಕನ ಗಂಡನ ಮನೆಯವರು ಒಂದು ವ್ಯಾನ್ ತುಂಬ ಬಂದಿದ್ದರು, ನಮಗಿಂತ ಹೆಚ್ಚು ಅತ್ತರು.

ಈಚೆಗೆ ನನ್ನ ಮಗಳ ಸಂಬಂಧದ ಮಾತಿಗೆ ಧರ್ಮಪುರಿಯಲ್ಲಿ ಒಂದು ದೊಡ್ಡ ಮನೆಗೆ ಹೋಗಿದ್ದೆವು. ಒಳ್ಳೆಯ ಜನ, ಒಳ್ಳೆಯ ಹುಡುಗ. ಟಿವಿಯಲ್ಲಿ ಯಾರೋ ಮಂತ್ರಿಯನ್ನು ಅಣಕಿಸುವ ಕಾರ್ಯಕ್ರಮ ಬರುತ್ತಿತ್ತು. ಮಗಳು ತಡೆಯಲಾರದೆ ಕಿಸಕ್ಕನೆ ನಕ್ಕಳು. ಮನೆಯ ಯಜಮಾನರು ಅವಳನ್ನೊಮ್ಮೆ ನೋಡಿ ಟಿವಿ ಆರಿಸಿದರು.

ಕಾಫಿ ಚೆನ್ನಾಗಿತ್ತು. ಕುಡಿದು, ತಾಂಬೂಲದ ಮಾತೆತ್ತದೆ ಕೈಮುಗಿದು, ಮಗಳನ್ನು ಕರೆದುಕೊಂಡು ಬಂದೆ.