ಗ್ರಾಂ ಸಾಹೇಬರು
ವಿಮಾನದ ಇಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ಖರ್ಚುವೆಚ್ಚದ ವಿಭಾಗ ನೋಡಿಕೊಳ್ಳುವ ಅವರನ್ನು, ಒಂದೊಂದು ಗ್ರಾಂ ತೂಕಕ್ಕೂ ಲೆಕ್ಕ ಕೇಳುವುದರಿಂದ, ಎಲ್ಲರೂ ಗ್ರಾಂ ಸಾಹೇಬರೆಂದೇ ಕರೆಯುತ್ತಾರೆ. ಇಂಜಿನ್ನಿನ ಫ್ಯಾನಿಗೆ ಲೋಹದ ಬದಲು ಕಾರ್ಬನ್ ನಾರಿನ ಅಲಗು ಹಾಕಿದರೆ ಮೊದಲಿಗೆ ಕೈ ಸುಡುತ್ತದೆ, ಆದರೆ ಹಗುರಾದ ಇಂಜಿನ್ ಜೀವಮಾನವೆಲ್ಲ ಇಂಧನ ಉಳಿಸುತ್ತದೆ ಎಂದು ಮೇಲಿನವರನ್ನು ಒಪ್ಪಿಸುವುದೇ ಅವರ ಉದ್ಯೋಗ. ತೂಕ ಇಳಿಸುವ ಆ ಹುಚ್ಚು ಈಗ ಮನೆಯನ್ನೂ ಹೊಕ್ಕಿದೆ. ಪ್ರಯಾಣಕ್ಕೆ ಹೊರಟರೆ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುತ್ತಾರೆ, ಕ್ಷೌರ ಮಾಡಿಸಿಕೊಂಡು ಬಂದು "ಇಂಧನ ಉಳೀತು" ಎನ್ನುತ್ತಾರೆ. ಕಬ್ಬಿಣದ ಬಾಣಲೆಯನ್ನು ಅಟ್ಟಕ್ಕೇರಿಸಿ, ಕಾಗದದಷ್ಟು ತೆಳುವಾದ ದುಬಾರಿ ಬಾಣಲೆ ತಂದಾಗ ಹೆಂಡತಿ, "ಅಡುಗೆಮನೆ ಎಲ್ಲಿಗೆ ಹಾರ್‍ಬೇಕಾಗಿದೇರೀ?" ಎಂದು ಕೇಳಿದಳು. "ಎತ್ತಿ ಇಳಿಸೋ ನಿನ್ನ ಕೈ ಉಳಿಯುತ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿ" ಎಂದರು ಸಾಹೇಬರು. ಅಂಥವರು, ಕಾಲೇಜಿಗೆ ಹೋಗುವ ಮಗಳು ಮೊನ್ನೆ "ಸಾಕಪ್ಪಾ, ದಪ್ಪ ಆಗ್ತಿದೀನಿ" ಎಂದು ತಟ್ಟೆ ಸರಿಸಿದಾಗ, ತಾವೇ ಎದ್ದು ಇನ್ನೊಂದು ಸೌಟು ಬಡಿಸಿದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಆ ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ದಿನಗಳಲ್ಲಿ, ಬೆಳಿಗ್ಗೆ ದಾದಿ ಅದರ ತೂಕ ಎಷ್ಟು ಗ್ರಾಂ ಏರಿತೆಂದು ಹೇಳುವವರೆಗೂ ಅವರು ಬಾಗಿಲ ಬಳಿಯೇ ನಿಂತಿರುತ್ತಿದ್ದುದು ಹೆಂಡತಿಗೆ ಮಾತ್ರ ಗೊತ್ತು. "ಉಣ್ಣು ಮಗಳೇ," ಎಂದರು, "ಹಗುರ ಆಗೋದು ಇಂಜಿನ್ನಿನ ಕೆಲಸ, ನಿಂದಲ್ಲ."